ನಲ್ಲಿ ನೀರು ಮತ್ತು ನಲವತ್ತು ಚಿಗಟ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಏಳನೇ ತರಗತಿಯ ಅಕ್ವೇರಿಯಂ ಅನ್ನು ಶನಿವಾರದೊಳಗೆ ಖಾಲಿ ಮಾಡಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆಯಬೇಕೆಂಬ ತಮ್ಮ ಆದೇಶ ಕೈಸೇರಿತು. ಕಾರಣ: 'ನೀರಿನಲ್ಲಿ ಹುಳುಗಳಿವೆ'. ಇವೆ, ನಿಜ. ಅವುಗಳನ್ನು ನೋಡಿ ಕಲಿಯುವುದಕ್ಕೇ ಆ ತೊಟ್ಟಿ ಇಟ್ಟಿರುವುದು. ನಾನು ದೂರು ಕೊಟ್ಟದ್ದು ಅವು ಬದುಕಿದ್ದಕ್ಕಲ್ಲ, ಸತ್ತದ್ದಕ್ಕೆ. ಕುಡಿಯುವ ನೀರಿನ ನಲ್ಲಿಯ ಬಗ್ಗೆ ಬರೆದರೆ ತೊಟ್ಟಿ ತೊಳೆಯಿರಿ ಎನ್ನುತ್ತೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ಇರಬೇಕು.

ಹಿಂದಿನ ಪತ್ರವನ್ನು ತಾವು ಓದಿದಂತಿಲ್ಲ, ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ. ನಮ್ಮ ತೊಟ್ಟಿಯಲ್ಲಿ ಎಳ್ಳಿಗಿಂತ ಚಿಕ್ಕ ನೀರುಚಿಗಟಗಳಿವೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮೈಯೊಳಗೆ ಹೃದಯ ಬಡಿಯುವುದು ಕಾಣುತ್ತದೆ. ಕ್ಲೋರಿನ್ ಅವಕ್ಕೆ ಆಗದು; ಹಾಗಾಗಿ ಅದು ಹಾರಿಹೋಗಲೆಂದು ನಲ್ಲಿ ನೀರನ್ನು ಎರಡು ದಿನ ಬಕೆಟ್ಟಿನಲ್ಲಿ ತೆರೆದಿಟ್ಟು ಆಮೇಲೆ ಸುರಿಯುವುದು ನಮ್ಮ ಪದ್ಧತಿ. ಶಾಲೆಗೆ ಹೊಸ ಪೈಪು ಹಾಕಿದ ವಾರ ಅರ್ಧಕ್ಕರ್ಧ ಚಿಗಟಗಳು ಸತ್ತವು. ತೊಟ್ಟಿ ನೋಡಿಕೊಳ್ಳುವ ಹುಡುಗಿಯನ್ನು ನಾನು ತರಾಟೆಗೆ ತೆಗೆದುಕೊಂಡೆ.

"ನಲ್ಲಿಯಿಂದ ನೇರವಾಗಿ ಸುರಿದೆ ಅಲ್ವಾ?"

"ಇಲ್ಲ ಟೀಚರ್, ಎರಡು ದಿನ ಇಟ್ಟೇ ಹಾಕಿದ್ದು."

"ಸುಳ್ಳು ಹೇಳ್ಬೇಡ."

ಅವಳು ಮರುವಾರ ಎರಡು ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟಳು. ಒಂದರಲ್ಲಿ ಅವಳ ಮನೆಯ ಬಾವಿ ನೀರು, ಇನ್ನೊಂದರಲ್ಲಿ ನಾಲ್ಕು ದಿನ ತೆರೆದಿಟ್ಟ ಶಾಲೆಯ ನೀರು. ಒಂದೊಂದಕ್ಕೂ ಇಪ್ಪತ್ತು ಚಿಗಟ ಬಿಟ್ಟೆವು. ಸಂಜೆಯ ಗಂಟೆ ಹೊಡೆದಾಗಲೂ ಬಾವಿ ನೀರಿನವು ಈಜುತ್ತಿದ್ದವು. ಶಾಲೆಯ ನೀರಿನಲ್ಲಿ ಕೊನೆಯದರ ಹೃದಯ ನಿಧಾನವಾಗಿ ನಿಲ್ಲುವುದನ್ನು ಇಡೀ ತರಗತಿ ಸರದಿಯಲ್ಲಿ ನೋಡಿತು.

"ಟೀಚರ್, ನಾವೂ ಇದನ್ನೇ ಕುಡೀತೀವಲ್ಲಾ?" ಎಂದಳು ಆ ಹುಡುಗಿ. ನಾನು ಎಲ್ಲರ ಮುಂದೆ ಅವಳ ಕ್ಷಮೆ ಕೇಳಿದೆ. ಅವಳ ಪ್ರಶ್ನೆಯನ್ನೇ ಅಂದು ರಾತ್ರಿ ತಮಗೆ ದೂರಾಗಿ ಬರೆದೆ.

ಚಿಗಟ ಸತ್ತರೆ ಮನುಷ್ಯರೇನು ಸಾಯುತ್ತಾರೆಯೇ ಎಂದು ತಮ್ಮ ಕಚೇರಿಯ ಗುಮಾಸ್ತರು ಫೋನಿನಲ್ಲಿ ನಕ್ಕರು. ಸಾಯಲಿಕ್ಕಿಲ್ಲ. ನನಗೆ ಗೊತ್ತಿಲ್ಲ. ತಮಗೆ ಗೊತ್ತೇ? ಪರೀಕ್ಷೆ ಮಾಡಿಸದೆ ಗೊತ್ತಾಗುವ ವಿದ್ಯೆಯೇನಾದರೂ ತಮ್ಮ ಇಲಾಖೆಯಲ್ಲಿದೆಯೇ? 'ಗಾಬರಿ ಹಬ್ಬಿಸಕೂಡದು' ಎಂದೂ ಅಪ್ಪಣೆಯಾಗಿದೆ. ಅದರಂತೆ ಇವತ್ತಿನ ಬಿಡುವಿನಲ್ಲಿ ಮಕ್ಕಳು ಸಾಲುಗಟ್ಟಿ ಆ ನೀರು ಕುಡಿಯುವುದನ್ನು ಬಾಯಿ ಮುಚ್ಚಿಕೊಂಡು ನೋಡುತ್ತ ನಿಂತೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ತೊಟ್ಟಿ ತೊಳೆಯುವುದಿಲ್ಲ. ಮನೆಯಿಂದಲೇ ನೀರು ತರುವಂತೆ ಎಲ್ಲ ತರಗತಿಗಳಿಗೂ ಹೇಳಿ ಬಂದಿದ್ದೇನೆ. ನಾಳೆ ಬೆಳಿಗ್ಗೆ, ಮೊದಲ ಗಂಟೆಗೆ ಮುನ್ನ, ಆ ನಲ್ಲಿಗೆ ಬೀಗ ಹಾಕುತ್ತೇನೆ. ಬೀಗದ ಕೈ ಬೇಕಾದರೆ ನೀರಿನ ಪರೀಕ್ಷಾ ವರದಿ ಹಿಡಿದು ಬನ್ನಿ. ನನ್ನ ಅಮಾನತಿನ ಆದೇಶವನ್ನಷ್ಟೇ ತಂದರೆ, ಅದನ್ನು ಸಹಿ ಹಾಕಿ ಪಡೆದುಕೊಳ್ಳುತ್ತೇನೆ. ಬೀಗದ ಕೈ ಕೊಡುವುದಿಲ್ಲ.

ಇಂತಿ,
ಮಗುವಿಗಿಂತ ನಲ್ಲಿಯನ್ನು ಮೊದಲು ನಂಬಿದ
ವಿಜ್ಞಾನ ಶಿಕ್ಷಕಿ