ಎದ್ದು ಕೈಕುಲುಕಿದ್ದು

ಕೊನಾಯೆವ್, ನವೆಂಬರ್ ೧೪, ಗುರುವಾರ

ನೆನೆದರೆ ಈಗಲೂ ಬೆವರುತ್ತೇನೆ. ಇಷ್ಟು ವರ್ಷ ಪೋಕರ್ ಟೂರ್ನಿಗಳಲ್ಲಷ್ಟೇ ಆಡಿದವನು ನಾನು. ಅಲ್ಲಿ ಪಣಕ್ಕಿಡುವ ಬಿಲ್ಲೆಗಳೆಲ್ಲ ಹೋದರೆ ಆಟ ಮುಗಿಯಿತು. ಎದ್ದು, ಎಲ್ಲರ ಕೈಕುಲುಕಿ, ಮನೆಗೆ ಹೋಗುವುದು. ಇಂದು ಮೊದಲ ಸಲ ಇಲ್ಲಿನ ಕ್ಯಾಸಿನೊದಲ್ಲಿ ನಗದು ಆಟಕ್ಕೆ ಕೂತೆ. ಕೈಗೆ ಎರಡು ರಾಜನ ಎಲೆ ಬಂದವೆಂದು ಇದ್ದಬದ್ದ ಬಿಲ್ಲೆ ಮುಂದೆ ತಳ್ಳಿ ಸೋತೆ. ಅಭ್ಯಾಸಬಲ, ಎದ್ದು ಕೈ ಚಾಚಿಬಿಟ್ಟೆ.

ಎದುರಿಗಿದ್ದ ಮುದುಕ ಸಪಾರ್ಗಲಿ ಹಿಡಿದ ಕೈ ಬಿಡಲಿಲ್ಲ. “ಎಲ್ಲಿಗೆ ಹೊರಟೆ ತಮ್ಮಾ? ಇಲ್ಲಿ ಯಾರೂ ಯಾರನ್ನೂ ಹೊರಗೆ ಹಾಕಲ್ಲ. ಜೇಬಲ್ಲಿ ಇನ್ನೂ ದುಡ್ಡು, ತೆಂಗೆ ನೋಟು ಇಲ್ವಾ? ಕೂತ್ಕೋ, ಚಹಾ ಬರ್ತಿದೆ.”

ಎಲ್ಲರೂ ನಕ್ಕರು. ಮತ್ತೆ ಬಿಲ್ಲೆ ಕೊಂಡೆ. ನಡುವೆ ಒಮ್ಮೆ ಚೆನ್ನಾಗಿ ಗೆದ್ದೆ ಕೂಡ. ಆಗಲೂ ಏಳಲಿಲ್ಲ, ಯಾರಾದರೂ ಬಂದು ಮುಗಿಯಿತು ಎನ್ನಲಿ ಎಂದು ಕಾಯುತ್ತಿದ್ದೆ. ಗೆದ್ದದ್ದೂ ಹೋಯಿತು. ಉಳಿದ ಹಣ ತರಲೆಂದು ಹೋಟೆಲಿನ ಕೋಣೆಗೆ ಬಂದೆ.

ಅಷ್ಟರಲ್ಲಿ ಹೆಂಡತಿ ರೌಶಾನ್ ಫೋನ್. ಯಾವಾಗಲೂ ಕೇಳುವುದನ್ನೇ ಕೇಳಿದಳು: “ಎಷ್ಟನೇ ಸ್ಥಾನ ಬಂತು?”

“ಇದ್ರಲ್ಲಿ ಸ್ಥಾನ ಅಂತ ಇರಲ್ಲ ಕಣೇ.”

“ಮತ್ತೆ, ಮುಗೀತು ಅಂತ ಹೇಗೆ ಗೊತ್ತಾಗುತ್ತೆ?”

ಮುಗಿಸಿಯೇ ಬಂದೆ ಎಂದುಬಿಟ್ಟೆ. ಕೋಟು ಇನ್ನೂ ಮೈಮೇಲೇ ಇದೆ. ನನ್ನ ಕುರ್ಚಿಗೆ ಬೇರೆ ಯಾರನ್ನೂ ಕೂರಿಸುವುದಿಲ್ಲ ಎಂದಿದ್ದಾನೆ ಸಪಾರ್ಗಲಿ, ಬೆಳಗಾದರೂ ಸರಿಯಂತೆ.