ಕಾಗೆಯ ಗೂಡಿಗೆ ಬಂದ ಚಾಣಗಳು

ಅವ್ವಾ,

ನಿನ್ನ ಕಾಗೆಯ ಗೂಡಿಗೆ ಪುಟ್ಟ ಗಿಡುಗದಂಥ ಚಾಣದ ಜೋಡಿ ಬಂದಿದೆ! ಹೌದು, ಬೇವಿನ ಮರದಲ್ಲಿ ಕಾಗೆ ಬಿಟ್ಟುಹೋದ ಅದೇ ಗೂಡಿಗೆ. ಮೆಣಸಿನಕಾಯಿ ಕಣ ಕಾಯಲೆಂದು ಸಂಶಿಯಿಂದ ತಂದು ಹಾಕಿಸಿದ ಕ್ಯಾಮೆರಾಕ್ಕೆ ಅಡ್ಡ ಬರುತ್ತದಲ್ಲ, ಆ ಟೊಂಗೆಯ ಮೇಲಿನದು.

ಈಗಷ್ಟೇ ಮೊಬೈಲಿನಲ್ಲಿ ನೋಡಿದೆ. ಕೆಂಪು ತಲೆಯ ಹೆಣ್ಣು ಗೂಡಿನೊಳಗೆ ಕೂತು ಎದೆಯಿಂದ ಒತ್ತಿ ಒತ್ತಿ ತಗ್ಗು ಮಾಡುತ್ತಿತ್ತು, ಥೇಟ್ ನೀನು ರೊಟ್ಟಿ ಹಿಟ್ಟಿನ ನಡುವೆ ಬಿಸಿನೀರಿಗೆ ತಗ್ಗು ಮಾಡಿದಂತೆ! ಗಂಡು ಒಂದು ಗುಬ್ಬಿ ಹಿಡಿದು ತಂದು ಅದಕ್ಕೆ ಕೊಟ್ಟಿತು. ಆಮೇಲೆ ಎರಡೂ ತಲೆ ಬಾಗಿಸಿ ಅದೇನೋ ಮಾತಾಡಿಕೊಂಡವು. ನಾನು ಕೂಗಿದ್ದು ಕೇಳಿ ನಿನ್ನ ಸೊಸೆ ಓಡಿ ಬಂದಳು.

"ಅಯ್ಯ, ಅಗದಿ ಬಾಣಂತಿ ಖೋಲಿ ತಯಾರ ಮಾಡ್ಲಿಕ್ಹತ್ತಾವಲ್ರೀ!"

ಆ ಟೊಂಗೆ ಕಡಿಸಲು ನಾನು ಆಳು ಕರೆಸಿದಾಗ ನೀನು ಮರದ ಬುಡದ ಕಲ್ಲು ಬಿಟ್ಟು ಏಳಲೇ ಇಲ್ಲ. "ಕಣ ಕಾಯ್ಲಿಕ್ಕೆ ನಾ ಇದ್ದೀನಲ್ಲೋ, ಕ್ಯಾಮೆರಾ ಯಾಕ ಬೇಕು?" ಎಂದು ಗದರಿದ್ದೆ.

ನಿನ್ನ ಹತ್ತನೆಯ ದಿನ ಕಾಗೆ ಪಿಂಡ ಮುಟ್ಟಲಿಲ್ಲ. ಬಿಸಿಲೇರಿತು. ಕೊನೆಗೆ ಬಾಳಕೃಷ್ಣ ಕಾಕಾ, "ವಿವೇಕ, ಆ ಟೊಂಗಿ ಕಡಿಸಂಗಿಲ್ಲ ಅಂತ ಅಂದುಬಿಡೋ," ಎಂದರು. ಅಂದೆ. ತಕ್ಷಣ ಕಾಗೆ ಬಂತು.

ಹಾಗೆ ಉಳಿದ ಗೂಡು ಇದು. ಈಗ ಕ್ಯಾಮೆರಾದಲ್ಲಿ ಚಾಣಗಳು ಚೆನ್ನಾಗಿ ಕಾಣುತ್ತವೆ, ಕಣ ಮಾತ್ರ ಕಾಣುವುದಿಲ್ಲ. ಅದಕ್ಕೇ ಮೆಣಸಿನಕಾಯಿ ಕಾಯಲು ನಿನ್ನ ಕಲ್ಲಿನ ಮೇಲೆ ನಾನೇ ಕೂತಿದ್ದೇನೆ. ಇದರ ಮೇಲೆ ಇಬ್ಬರು ಕೂರುವಷ್ಟು ಜಾಗವಿದೆ, ಅವ್ವಾ.