ಗೌತಮಿಗೆ ಹೊಸ ಮುಖ

ಲಿಂಗಂಪಲ್ಲಿ, ಹೈದರಾಬಾದ್
ಮಂಗಳವಾರ, ೧೧ ಫೆಬ್ರವರಿ ೨೦೨೫

ನನ್ನ ಹಿರಿಮಗಳು ಸುವರ್ಣಾಳಿಗೆ ಅವ್ವನ ಆಶೀರ್ವಾದ.

ಫೋನ್ ಬಂದ್ ಮಾಡಿ ಕೂತವಳಿಗೆ ಪತ್ರ ಬರೆಯದೆ ಬೇರೆ ದಾರಿಯಿಲ್ಲ. ನಾನು ಲಿಂಗಂಪಲ್ಲಿಯಲ್ಲಿ, ನೀನು ತಾರ್ನಾಕದಲ್ಲಿ ನಿನ್ನ ಸೋದರತ್ತೆ ಸಾಬಮ್ಮನ ಮನೆಯಲ್ಲಿ. ಒಂದೇ ಊರಲ್ಲಿದ್ದು ತಾಯಿ ಮಗಳಿಗೆ ಪತ್ರ ಬರೆಯುವುದು ನಗೆಪಾಟಲು. ಆದರೂ ಸಾಬಮ್ಮನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಜೊತೆಗೆ ಶೇಂಗಾ ಹೋಳಿಗೆಯೂ ಇದೆ. ಎಡಗಡೆ ಅಗಿಯಬೇಡ, ಸುಟ್ಟ ಗಾಯ ಎಳೆಯುತ್ತದೆ.

ನೀನು ಅವಳೊಂದಿಗೆ ಹೇಳಿ ಕಳಿಸಿದ್ದು ಮುಟ್ಟಿತು. ಗುರುವಾರ ಆಪರೇಶನ್ ಆದರೆ ಎಡಗಣ್ಣಿನ ರೆಪ್ಪೆ ಮತ್ತೆ ಮುಚ್ಚುತ್ತದೆ, ಕೆನ್ನೆಯೂ ಒಂದು ಹದಕ್ಕೆ ಬರುತ್ತದೆ, ಯುಗಾದಿ ಕಳೆದ ಮೇಲೆ ಧಾರಾವಾಹಿಗೆ ಮರಳುತ್ತೇನೆ, ಅಲ್ಲಿಯತನಕ ಗೌತಮಿಯ ಪಾತ್ರವನ್ನು ಯಾರಿಗೂ ಕೊಡದಂತೆ ಡೈರೆಕ್ಟರ್ ಗೋಪಿನಾಥರನ್ನು ಕೇಳಿಕೋ ಎಂದಿದ್ದೆ. ಕೇಳಿಕೊಂಡೆ. ನಿನಗಾಗಿ ಅವರ ಮುಂದೆ ಸೆರಗೊಡ್ಡಿದೆ. ಒಂದು ಕಾಲಕ್ಕೆ ನಾನು ರಂಗದ ಮೇಲೆ ಸೆರಗೊಡ್ಡಿದರೆ ಜನ ಗೊಳೋ ಎಂದು ಅಳುತ್ತಿದ್ದರು. ಈ ಮನುಷ್ಯ ಫೋನ್ ನೋಡುತ್ತಾ ಕೂತಿದ್ದ.

ಒಬ್ಬಳೇ ಹೋಗುವುದು ಚೆನ್ನಾಗಿರುವುದಿಲ್ಲವೆಂದು ರಶ್ಮಿಯನ್ನು ಕರೆದುಕೊಂಡು ಹೋಗಿದ್ದೆ. ನಿನ್ನ ತಂಗಿಗೆ ಇಸ್ತ್ರಿ ಮಾಡಿದ ಬಟ್ಟೆ ಎಂದಾದರೂ ಇರುತ್ತದೆಯೇ? ಅದಕ್ಕೆ ನಿನ್ನ ಹಸಿರು ಸೀರೆ ಉಡಿಸಿದ್ದೆ. ಹೆರಳೂ ನಾನೇ ಹಾಕಿದ್ದೆ, ಗೌತಮಿಗೆ ಹಾಕುವ ಹಾಗೆ. ಕೈಗೆ ಅದೇ ರೂಢಿಯಾಗಿದೆ, ಏನು ಮಾಡಲಿ? ಗೋಪಿನಾಥರು ಫೋನ್ ಕೆಳಗಿಟ್ಟು ಅವಳನ್ನೇ ನೋಡಿದರು. ಇಷ್ಟು ದಿನ ಈ ಹುಡುಗಿಯನ್ನು ಎಲ್ಲಿ ಬಚ್ಚಿಟ್ಟಿದ್ದಿರಮ್ಮಾ ಎಂದು ತೆಲುಗಿನಲ್ಲಿ ಕೇಳಿದರು. ಮನೆಯಲ್ಲೇ ಇದ್ದಳು ಎಂದೆ.

ಕಥೆಯನ್ನು ಅಲ್ಲೇ ಕೂತು ಬದಲಿಸಿದರು. ಕಳೆದ ತಿಂಗಳು ಶೂಟಿಂಗಿನಲ್ಲಿ ಆರತಿಯ ಉರಿ ನಿನ್ನ ಸೆರಗಿಗೆ ಹತ್ತಿತಲ್ಲ, ಈಗ ಗೌತಮಿಗೂ ಹಾಗೆಯೇ ಆಗುತ್ತದೆ. ಮುಖ ಸುಡುತ್ತದೆ, ಆಸ್ಪತ್ರೆ, ಪ್ಲಾಸ್ಟಿಕ್ ಸರ್ಜರಿ. ಬ್ಯಾಂಡೇಜ್ ಬಿಚ್ಚಿದರೆ ಒಳಗೆ ರಶ್ಮಿ. ದನಿಯ ಚಿಂತೆಯೂ ಇಲ್ಲ. ನಿನ್ನ ತೆಲುಗು ತಡವರಿಸುತ್ತದೆಂದು ಮೊದಲಿನಿಂದಲೂ ವನಜಾ ಎಂಬಾಕೆಯೇ ನಿನಗೆ ದನಿ ಕೊಡುತ್ತಿದ್ದಳು, ಇನ್ನು ರಶ್ಮಿಗೆ ಕೊಡುತ್ತಾಳೆ. ನಿನ್ನ ದನಿಯನ್ನು ಯಾರೂ ಕೇಳಿಯೇ ಇಲ್ಲ, ಆದ್ದರಿಂದ ಯಾರಿಗೂ ಅದರ ಕೊರತೆ ಕಾಣುವುದಿಲ್ಲ.

ರಶ್ಮಿ ಅತ್ತಳು, ಸುಳ್ಳು ಹೇಳಲಾರೆ. ಆಟೋದಲ್ಲಿ "ಅಕ್ಕಗ ಭಾಳ ತ್ರಾಸ ಆಕ್ಕೈತಿ, ನನಗ ಬ್ಯಾಡಬೇ ಯವ್ವಾ" ಎಂದು ರಾಗ ಎಳೆದಳು. "ಅತ್ತರ ಕಣ್ಣು ಬಾತ್ಕೋತಾವ, ನಾಳೆ ಫೋಟೋ ತಗಿಯೋದೈತಿ, ಸುಮ್ಮನ ಕುಂದ್ರು" ಎಂದು ಗದರಿದೆ. ಕಣ್ಣೊರೆಸಿಕೊಂಡಳು. ನಿನ್ನಷ್ಟು ಹಟ ಅವಳಿಗಿಲ್ಲ.

ನಿನಗೆ ಸಿಟ್ಟು ಬಂದಿರುತ್ತದೆ. ಬರಲಿ. ನಾನೂ ಕಂಪನಿ ನಾಟಕದಲ್ಲಿ ನಾಯಕಿಯಾಗಿದ್ದವಳು. ನೀನು ಹೊಟ್ಟೆಯಲ್ಲಿದ್ದಾಗ ತುಂಬು ತಿಂಗಳವರೆಗೂ ಸೆರಗು ಮುಂದೆಳೆದುಕೊಂಡು ರಾಣಿಯ ಪಾತ್ರ ಮಾಡಿದೆ. ಗದಗಿನ ಕ್ಯಾಂಪಿನಲ್ಲಿ ನಿನ್ನನ್ನು ಹೆತ್ತ ದಿನವೇ ಸುಭದ್ರಾ ಎಂಬವಳು ನನ್ನ ರವಿಕೆಗೆ ಪಿನ್ನು ಹಾಕಿಕೊಂಡು ರಂಗಕ್ಕೆ ಹೋದಳು. ಬಾಣಂತನ ಮುಗಿಸಿ ಬಂದರೆ ಮಾಲೀಕರು ನನಗೆ ದಾಸಿಯ ಪಾತ್ರ ಕೊಟ್ಟರು. ಆಮೇಲೆ ನಾನು ರಾಣಿಯಾಗಲೇ ಇಲ್ಲ. ನಿನ್ನ ಮುಖ ನೋಡಿದಾಗಲೆಲ್ಲ ಅದು ನೆನಪಾಗುತ್ತಿತ್ತು, ಮುದ್ದು ಮಾಡುವಾಗಲೂ. ನನ್ನ ಪಾತ್ರ ಪರರ ಪಾಲಾಯಿತು, ನಿನ್ನದು ಮನೆಯಲ್ಲೇ ಉಳಿಯಿತು. ಅಷ್ಟಕ್ಕಾದರೂ ದೇವರಿಗೆ ಕೈ ಮುಗಿ.

ನಿನ್ನದು ಒಂದೇ ದಿನದ ಕೆಲಸ ಬಾಕಿ ಇದೆ. ಬ್ಯಾಂಡೇಜ್ ಕಟ್ಟುವ ಮುಂಚೆ ಸುಟ್ಟ ಮುಖವನ್ನು ಹತ್ತಿರದಿಂದ ತೋರಿಸಬೇಕಂತೆ. ಗೌತಮಿ ಕನ್ನಡಿ ನೋಡಿ ಚೀರುತ್ತಾಳೆ. ಆ ದಿನ ನೀನು ಬರಬೇಕು. ಮೇಕಪ್ಪಿಗೆಂದು ಬೇಗ ಏಳುವ ಕಷ್ಟವೂ ಇಲ್ಲ. ಚೀರುವಾಗ ಎಡಗೆನ್ನೆ ಕ್ಯಾಮೆರಾದ ಕಡೆಗಿರಲಿ, ಈಚೆಗೆ ಯಾರು ಬಂದರೂ ಬಲಗೆನ್ನೆ ಮುಂದೆ ಮಾಡುವ ಚಟ ನಿನಗೆ. ನಾನು ಒಪ್ಪಿಕೊಂಡು ಬಂದಿದ್ದೇನೆ, ನನ್ನ ಮಾತು ಉಳಿಸು.

ಸಾಬಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣಿಗೆ ಮುಲಾಮು ಹಚ್ಚಿಕೋ.

ಸದಾ ನಿನ್ನ ಒಳ್ಳೆಯದನ್ನೇ ಬಯಸುವ
ನಿನ್ನ ಅವ್ವ,
ಸುಗಲಮ್ಮ

ತಾ.ಕ.: ಆ ದೃಶ್ಯವನ್ನು ಮಾರ್ಚ್ ಕೊನೆಗೆ ಇಟ್ಟುಕೊಂಡಿದ್ದಾರೆ. ಅಲ್ಲಿಯತನಕ ಮುಖ ಈಗಿರುವಂತೆಯೇ ಇರಬೇಕಂತೆ, ಆದ್ದರಿಂದ ಗುರುವಾರ ನೀನು ಆಸ್ಪತ್ರೆಗೆ ಹೋಗಬೇಡ. ಬೆಳಗ್ಗೆ ನಾನೇ ಅಲ್ಲಿಗೆ ಫೋನ್ ಮಾಡಿ ನಿನ್ನಂತೆಯೇ ಮಾತಾಡಿದೆ. ಅದೇ ತಡವರಿಸುವ ತೆಲುಗು, ನಡುನಡುವೆ ಅದೇ ಬಿಕ್ಕು. ನನಗೆ ಹೆದರಿಕೆಯಾಗುತ್ತಿದೆ, ಆಪರೇಶನ್ ಬೇಡ ಎಂದೆ. ಡಾಕ್ಟರೇ ಲೈನಿಗೆ ಬಂದು, ಈಗ ಬಿಟ್ಟರೆ ಕಣ್ಣು ಉಳಿಯುವುದು ಕಷ್ಟ ಸುವರ್ಣಾ, ಮತ್ತೆ ತಾರೀಖು ಸಿಗುವುದು ಏಪ್ರಿಲ್ ಮುಗಿದ ಮೇಲೆ ಎಂದು ಬಹಳ ಹೊತ್ತು ತಿಳಿಹೇಳಿದರು. ಒಂದು ಸಲವೂ ಅನುಮಾನ ಪಡಲಿಲ್ಲ ನೋಡು! ಗುರುವಾರ ನಿನ್ನ ಬದಲು ಬೇರೆ ಯಾರನ್ನೋ ತೆಗೆದುಕೊಳ್ಳುತ್ತಾರಂತೆ.